ಮಕ್ಕಳಿರುವ ಮನೆಯ ಓರಣ

ಶ್ರಾವಣ ಮಾಸದ ಒಂದು ಸೋಮವಾರ ಬೆಳಿಗ್ಗೆ ಪರಿಚಿತರೊಬ್ಬರ ಮನೆಗೆ ಹೋಗುವ ಸಂದರ್ಭ ಒದಗಿತ್ತು. ಮನೆಯ ಸೊಸೆ ದೇವರ ಜಗಲಿಯ ಮುಂದೆ ಲಿಂಗಪೂಜೆಗೆ ಕುಳಿತಿದ್ದಳು. ಒಂದೂವರೆ ವರ್ಷದ ಮಗು ಹಿಂದಿನಿಂದ ಪುಟ್ಟ ಹೆಜ್ಜೆಗಳನ್ನಿಡುತ್ತ ಬಂದು ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ಎತ್ತಿಕೊಂಡಿತು. ತಾಯಿ ಕಣ್ಣು ತೆರೆಯುವಷ್ಟರಲ್ಲಿ ನಡುಮನೆಯ ಕರಿಯ ಕಡಪಾ ಕಲ್ಲಿನ ನೆಲವೆಲ್ಲ ಬೆಳ್ಳಗಾಗಿತ್ತು. ಮಗುವಿನ ಮುಖ, ತಲೆ, ಅಂಗಿ ಎಲ್ಲವೂ ಭಸ್ಮಮಯವಾಗಿದ್ದವು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿ ನಕ್ಕರು. ಸೊಸೆಯ ಕಣ್ಣಲ್ಲಿ ಮಾತ್ರ ನೀರು ತುಂಬಿತು. ಮಧ್ಯಾಹ್ನ ಪ್ರಸಾದಕ್ಕೆ ಹತ್ತು ಜನ ಬರುವವರಿದ್ದರು. ಆ ನೆಲವನ್ನು ಆಕೆ ಬೆಳಗಿನಿಂದ ಆಗಲೇ ಎರಡು ಸಲ ಒರೆಸಿದ್ದಳು.

"ಈ ಮಕ್ಕಳು ದೊಡ್ಡವರಾಗೂತನಕ ಮನಿ ಚೆಂದ ಇಡೂದು ಆಗದ ಮಾತು ಬಿಡ್ರಿ ಅಕ್ಕಾರ" ಎಂದು ಆಕೆ ನನಗೆ ಹೇಳಿದಳು.

ಇದು ಆಕೆಯೊಬ್ಬಳ ಮಾತಲ್ಲ. ಮದುವೆಯಿರಲಿ, ಕುಬುಸವಿರಲಿ, ಗೃಹಪ್ರವೇಶವಿರಲಿ, ನಾಲ್ಕು ಜನ ಎಳೆಯ ತಾಯಂದಿರು ಕೂಡಿದಲ್ಲಿ ಈ ಮಾತು ಬಂದೇ ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಗಳನ್ನು ಗಮನಿಸುತ್ತ ಹೋದರೆ ಎರಡು ಬಗೆ ಕಾಣಬರುತ್ತವೆ. ಒಂದರಲ್ಲಿ ತಾಯಿ ಸೋತು ಕೈಚೆಲ್ಲಿದ್ದಾಳೆ. ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ, ಊಟದ ಮೇಜಿನ ಮೇಲೆ ಔಷಧದ ಬಾಟಲಿ, ಕಾಲಿಟ್ಟಲ್ಲೆಲ್ಲ ಪ್ಲಾಸ್ಟಿಕ್ ಕಾರಿನ ಗಾಲಿ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಬಗೆಯ ಮನೆಯಲ್ಲಿ ಎಲ್ಲವೂ ಥಳಥಳ ಹೊಳೆಯುತ್ತದೆ. ಮಗು ಮಾತ್ರ ಗೋಡೆಗೆ ಆತು ನಿಂತಿರುತ್ತದೆ. ಮುಟ್ಟಬೇಡ, ಹತ್ತಬೇಡ, ಓಡಬೇಡ ಎಂಬ ಮೂರು ಮಾತುಗಳ ಹೊರತು ಬೇರೆ ಮಾತೇ ಅದರ ಕಿವಿಗೆ ಬೀಳುವುದಿಲ್ಲ. ಮೊದಲನೆಯ ಮನೆಯನ್ನು ಕಂಡು ಜನ ಮೂಗು ಮುರಿಯುತ್ತಾರೆ, ಎರಡನೆಯದನ್ನು ಕಂಡು ಹೊಗಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಎರಡನೆಯ ಮನೆಯ ಬಗೆಗೇ ನನಗೆ ಹೆಚ್ಚು ಕಳವಳ. ಏಕೆಂದರೆ ಅಂತಹ ಮನೆಯನ್ನು ನಾನೇ ನಡೆಸಿದ್ದೇನೆ.

ಗಾಜಿನ ಕಪಾಟು

ನನ್ನ ಮದುವೆಯಲ್ಲಿ ಬಂದ ಉಡುಗೊರೆಗಳಿಗಾಗಿಯೇ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದ್ದೆವು. ಅದರಲ್ಲಿ ಪಿಂಗಾಣಿಯ ಕಪ್ಪುಬಸಿಗಳು, ಬೆಳ್ಳಿಯ ಮುಲಾಮಿನ ತಟ್ಟೆ, ಎಲ್ಲಕ್ಕೂ ನಡುವೆ ಗಾಜಿನ ಒಂದು ನವಿಲು. ಮಗನಿಗೆ ಮೂರು ವರ್ಷವಾಗಿದ್ದಾಗ ಒಂದು ದಿನ, ಬೀಗರು ಕುಳಿತಿರುವಾಗಲೇ, ಆತ ಕಪಾಟಿನ ಬಾಗಿಲು ಸರಿಸಿ ಆ ನವಿಲನ್ನು ಕೈಗೆತ್ತಿಕೊಂಡ. ಅದು ಜಾರಿ ಬಿದ್ದು ಚೂರುಚೂರಾಯಿತು. ಬಂದವರ ಮುಂದೆ ಅವಮಾನವಾಯಿತೆಂದು ನಾನು ಆತನ ಕೆನ್ನೆಗೆ ಬಲವಾಗಿ ಬಾರಿಸಿದೆ.

ಮುಂದೆ ಬಹಳ ದಿನ ಆತ ಪಡಸಾಲೆಗೆ ಕಾಲಿಡಲಿಲ್ಲ. ಮನೆಯಲ್ಲಿ ಎಲ್ಲಿಯಾದರೂ ಪಾತ್ರೆ ಬಿದ್ದ ಸದ್ದಾದರೆ, ನೆರೆಮನೆಯಲ್ಲಿ ಬಿದ್ದರೂ ಸರಿಯೆ, "ನಾ ಅಲ್ಲ" ಎನ್ನುತ್ತ ಓಡಿಬರುತ್ತಿದ್ದ. ಆ ನವಿಲನ್ನು ಕೊಟ್ಟವರು ಯಾರೆಂಬುದು ನನಗೆ ಇಂದು ನೆನಪಿಲ್ಲ. ಈಗ ಆತ ಎರಡು ಮಕ್ಕಳ ತಂದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಈಗಲೂ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡುತ್ತಾನೆ.

ಆದಕಾರಣ ಓರಣದ ಮಾತನ್ನು ಆರಂಭಿಸುವ ಮೊದಲು ಮನೆ ಯಾರದೆಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮಲ್ಲಿದೆ. ಇನ್ನೂ ಕಣ್ಣು ನಿಲ್ಲದ ಶಿಶುವನ್ನು ಅಂದಿನಿಂದಲೇ ಲಿಂಗವಂತರೆಂದು ಗಣಿಸುತ್ತೇವೆ. ದೊಡ್ಡವನಾದ ಮೇಲೆ ನೋಡೋಣ ಎಂದು ಹೇಳುವುದಿಲ್ಲ. ಧರ್ಮದಲ್ಲಿ ಪೂರ್ಣ ಪಾಲುಳ್ಳ ಆ ಜೀವಕ್ಕೆ ಪಡಸಾಲೆಯಲ್ಲಿ ಪಾಲಿಲ್ಲವೆಂದರೆ ಹೇಗೆ? (ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಎಳೆಯ ಕೂಸು ಮಲಗಿರುವಾಗ ಅದರ ಕೊರಳಲ್ಲಿ ಯಾವ ದಾರವೂ, ಸರವೂ ಇರಬಾರದು. ಉಸಿರಿಗೆ ಉರುಲಾಗುವ ಭಯವುಂಟು. ಕೂಸಿನ ಲಿಂಗವನ್ನು ತಾಯಿಯೇ ತನ್ನ ಕರಡಿಗೆಯೊಡನೆ ಕಾಪಾಡಿಕೊಂಡು ಬರುವ ರೂಢಿ ಕೆಲವು ಮನೆಗಳಲ್ಲಿದೆ. ಅದು ವಿವೇಕದ ರೂಢಿ.)

ನೆಲದ ಮೇಲೆ ಕುಳಿತು ನೋಡಿದಾಗ

ಮನೆಯನ್ನು ಓರಣಗೊಳಿಸಬೇಕೆಂಬ ತಾಯಿ ಮೊದಲು ಮಾಡಬೇಕಾದ ಕೆಲಸ ಪೊರಕೆ ಹಿಡಿಯುವುದಲ್ಲ. ಒಂದು ಮಧ್ಯಾಹ್ನ ಮಗು ಮಲಗಿರುವಾಗ ಪ್ರತಿಯೊಂದು ಕೋಣೆಯಲ್ಲಿಯೂ ನೆಲದ ಮೇಲೆ ಕುಳಿತು, ಮಗುವಿನ ಕಣ್ಣಿನ ಎತ್ತರದಿಂದ ಸುತ್ತಲೂ ನೋಡಬೇಕು. ನಾವು ನಿಂತು ನೋಡುವ ಮನೆಯೇ ಬೇರೆ, ಅದು ಕಾಣುವ ಮನೆಯೇ ಬೇರೆ.

ಹೀಗೆ ಕುಳಿತು ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ನಮ್ಮ ಮನೆಗಳ ಅತ್ಯಂತ ಪವಿತ್ರವಾದ ಸ್ಥಳ, ದೇವರ ಜಗಲಿ. ಅದು ಮಗುವಿನ ಕೈಗೆ ನೇರವಾಗಿ ನಿಲುಕುವ ಎತ್ತರದಲ್ಲಿರುತ್ತದೆ. ಅಲ್ಲಿ ಎಣ್ಣೆ ದೀಪ, ಕಡ್ಡಿಪೆಟ್ಟಿಗೆ, ಊದುಬತ್ತಿ, ಇವೆಲ್ಲದರೊಡನೆ ಕರ್ಪೂರದ ಡಬ್ಬಿ. ಕರ್ಪೂರ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯೇ. ಪೂಜೆಯ ನಂತರ ಅದೇ ಜಗಲಿಯ ಮುಂದೆ ಆ ಮಗುವಿನ ಕೈಗೆ ಕಲ್ಲುಸಕ್ಕರೆ ಇಟ್ಟವರೂ ನಾವೇ ತಾನೆ! ಕರ್ಪೂರವು ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಸ್ವಲ್ಪ ಪ್ರಮಾಣವೂ ವಿಷವಾಗಿ, ಅಲ್ಪಕಾಲದಲ್ಲಿಯೇ ಫಿಟ್ಸ್ ಬರುವ ಸಂಭವವುಂಟು. ಪೂಜೆ ಮುಗಿದ ತಕ್ಷಣ ಕರ್ಪೂರ, ಕಡ್ಡಿಪೆಟ್ಟಿಗೆ, ಎಣ್ಣೆಯ ಬಾಟಲಿ ಇವು ಮೇಲಿನ ಗೂಡು ಸೇರಬೇಕು. ಜಗಲಿಯ ಮೇಲೆ ಉಳಿಯುವುದು ವಿಭೂತಿ, ಪತ್ರೆ, ಹೂವು ಇಷ್ಟೇ ಆದರೆ ಮಗು ಮುಟ್ಟಿದರೂ ಕೇಡಿಲ್ಲ. ಹೂವುಗಳಲ್ಲಿಯೂ ಕಣಗಿಲೆಯ ವಿಷಯದಲ್ಲಿ ಎಚ್ಚರ ಬೇಕು. ಶಿವಪೂಜೆಗೆ ಅದು ಶ್ರೇಷ್ಠವೆಂದು ಅಂಗಳದಲ್ಲಿ ಬೆಳೆಸುತ್ತೇವೆ. ಆದರೆ ಆ ಗಿಡದ ಎಲೆ, ಹೂ, ಕಾಯಿ ಎಲ್ಲವೂ ಹೃದಯಕ್ಕೆ ವಿಷ. ಇದೇ ರೀತಿ ಪಟ್ಟಣದ ಮನೆಗಳಲ್ಲಿ ಅಲಂಕಾರಕ್ಕಾಗಿ ಮೂಲೆಯಲ್ಲಿಡುವ ಅಗಲ ಎಲೆಯ ಡೈಫೆನ್‌ಬೇಕಿಯಾ ಗಿಡವನ್ನು ಮಗು ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ.

ಅಲ್ಮೇರಾದ ಸೀರೆಗಳ ನಡುವಿನ ನುಸಿಗುಳಿಗೆಯೂ ಪೆಪ್ಪರಮಿಂಟಿನಂತೆಯೇ ಕಾಣುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುವ ಮಕ್ಕಳ ರಕ್ತಕಣಗಳನ್ನು ಒಡೆದುಹಾಕುತ್ತದೆ. ಇಂತಹ ಕೊರತೆ ಹೊರನೋಟಕ್ಕೆ ತಿಳಿಯುವಂತಹದಲ್ಲ. ಬೇವಿನ ಒಣ ಎಲೆಗಳನ್ನು ಬಟ್ಟೆಯಲ್ಲಿ ಕಟ್ಟಿಡುವ ನಮ್ಮ ಹಿರಿಯರ ಕ್ರಮಕ್ಕೆ ಮರಳಿದರೆ ನಷ್ಟವೇನೂ ಇಲ್ಲ. ಆಟಿಕೆಗಳಲ್ಲಿ, ರಿಮೋಟುಗಳಲ್ಲಿ ಇರುವ ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟು ಇನ್ನೊಂದು ಅಪಾಯ. ತಲೆಭಾರದ ಮಗು ಬಗ್ಗಿ ಬಿದ್ದರೆ ಕೆಲವೇ ಅಂಗುಲ ನೀರು ಸಾಕು. ಎತ್ತರದ ಅಲ್ಮೇರಾವನ್ನೂ ಟಿ.ವಿ. ಇಡುವ ಕಪಾಟನ್ನೂ ಬಡಗಿಯಿಂದ ಗೋಡೆಗೆ ಕಚ್ಚಿಸಬೇಕು. ಮಕ್ಕಳು ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ.

ನಮ್ಮ ಓಣಿಯಲ್ಲಿ ನಡೆದ ಸಂಗತಿಯೊಂದನ್ನು ಹೇಳಿ ಈ ಮಾತನ್ನು ಮುಗಿಸುತ್ತೇನೆ. ಬಾಗಿಲಿಗೆ ಬಂದವರಿಂದ ಅಳತೆಯ ಮೇಲೆ ಫಿನೈಲ್ ಕೊಂಡು, ಖಾಲಿ ಶರಬತ್ತಿನ ಬಾಟಲಿಯಲ್ಲಿ ತುಂಬಿ, ಅಡುಗೆಮನೆಯ ಕಟ್ಟೆಯ ಕೆಳಗಿಟ್ಟಿದ್ದರು. ಅತ್ಯಂತ ಶುಚಿಯಾದ ಮನೆ ಅದು. ಎರಡು ವರ್ಷದ ಹುಡುಗ ಬಾಟಲಿಯ ಗುರುತು ಹಿಡಿದು ಒಂದು ಗುಟುಕು ಕುಡಿದ. ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಹಾಗೆ ಮಾಡಲೇಬಾರದು, ಇಂತಹ ದ್ರವಗಳು ಹೊರಬರುವಾಗ ಮತ್ತೊಮ್ಮೆ ಗಂಟಲನ್ನು ಸುಡುತ್ತವೆ, ಶ್ವಾಸಕೋಶಕ್ಕೂ ಇಳಿಯಬಹುದು. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನೇರವಾಗಿ ಆಸ್ಪತ್ರೆಗೆ ಓಡಬೇಕು. ದೇವರ ದಯೆ, ಹುಡುಗ ಉಳಿದ. ಎಂಟು ದಿನ ಆಸ್ಪತ್ರೆಯಲ್ಲಿದ್ದ. ಕುಡಿಯುವ ಪದಾರ್ಥದ ಬಾಟಲಿಯಲ್ಲಿ ಕುಡಿಯಲಾಗದ್ದನ್ನು ತುಂಬಬಾರದೆಂಬ ಒಂದೇ ನಿಯಮವನ್ನು ಅಂದಿನಿಂದ ನಮ್ಮ ಓಣಿಯ ಪ್ರತಿ ಮನೆಯೂ ಪಾಲಿಸುತ್ತಿದೆ.

ಮಾರಯ್ಯನ ಅಕ್ಕಿ

ಇನ್ನು ಸಾಮಾನುಗಳ ಮಾತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದಳು. ದಿನದ ದಾಸೋಹಕ್ಕೆ ಬೇಕಾದದ್ದು ಇಷ್ಟು, ಅದರ ಮೇಲಿನದು ತಮ್ಮದಲ್ಲ. ಈ ಕಥೆಯನ್ನು ಪುರಾಣದ ಮಂಟಪದಲ್ಲಿ ಕೇಳಿ ಕೈಮುಗಿದು ಬರುವ ನಾವು ಮನೆಯ ಮಂಚದ ಕೆಳಗೆ ಬಗ್ಗಿ ನೋಡುವುದಿಲ್ಲ.

ಒಂದು ಮಗುವಿನ ಹುಟ್ಟುಹಬ್ಬಕ್ಕೆ ಮೂವತ್ತು ಆಟಿಕೆ ಬರುತ್ತವೆ. ಹದಿನೈದು ದಿನದಲ್ಲಿ ಅರ್ಧ ಮುರಿಯುತ್ತವೆ, ಮುರಿದದ್ದನ್ನೂ ಎಸೆಯುವುದಿಲ್ಲ. ಎದುರಿಗೆ ಮೂವತ್ತು ಆಟಿಕೆ ಹರಡಿದ ಮಗು ಯಾವುದರೊಡನೆಯೂ ಆಡದೆ ಬೇಸರವೆಂದು ಅಳುತ್ತದೆ. ನಾನು ಕಂಡುಕೊಂಡ ಉಪಾಯ ಇಷ್ಟೆ: ಆರು ಆಟಿಕೆ ಹೊರಗೆ, ಉಳಿದವು ಬುಟ್ಟಿಯಲ್ಲಿ ಅಟ್ಟದ ಮೇಲೆ. ಅಮಾವಾಸ್ಯೆಗೊಮ್ಮೆ ಹೊರಗಿನವು ಅಟ್ಟಕ್ಕೆ, ಅಟ್ಟದವು ಹೊರಗೆ. ತಿಂಗಳ ನಂತರ ಇಳಿದು ಬಂದ ಮರದ ಕುದುರೆಯನ್ನು ಮಗು ಹೊಸದೆಂದೇ ಸ್ವಾಗತಿಸುತ್ತದೆ. ಎರಡು ಸರದಿಯಲ್ಲಿಯೂ ಅದು ಕಣ್ಣೆತ್ತಿ ನೋಡದ ಆಟಿಕೆ ಬೇರೊಂದು ಮಗುವಿಗೆ ಸಲ್ಲಬೇಕು. ಒಡೆದದ್ದು ಬೇಡ, ಗಟ್ಟಿಯಾಗಿರುವುದನ್ನೇ ಕೊಡಬೇಕು.

ಕೊಳ್ಳುವಾಗ ಕಡಿಮೆ ಕೊಂಡು ಒಳ್ಳೆಯದನ್ನು ಕೊಳ್ಳಬಹುದು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಚನ್ನಪಟ್ಟಣದ ಬೊಂಬೆಗಳಿಗೆ ಚೂಪು ಅಂಚಿಲ್ಲ. ಒಂದು ಮಗು ಆಡಿದ ಮೇಲೆ ಮೂರು ಮಕ್ಕಳಿಗೆ ಬರುತ್ತವೆ. ಕಪಾಟಿನಲ್ಲಿ ಸಾಲಾಗಿಟ್ಟರೆ ಅವೇ ಅಲಂಕಾರ. ಬೇರೆ ಆಟಿಕೆಗಳಾದರೆ ಐ.ಎಸ್.ಐ. ಗುರುತು ನೋಡಬೇಕು, 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ. ಬಣ್ಣದ ಮಾತು ಬಂದುದರಿಂದ ಹೇಳುತ್ತೇನೆ: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲು, ತೊಟ್ಟಿಲುಗಳ ಹಳೆಯ ಬಣ್ಣ ಚಕ್ಕೆಯೇಳುತ್ತಿದ್ದರೆ ಮಗು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಬೇಕು. ಉಜ್ಜಿ ತೆಗೆಸುವ ದಿನ ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸುವುದು ಕ್ಷೇಮ. ಅಜ್ಜನ ಕಾಲದ ಕಲಘಟಗಿ ತೊಟ್ಟಿಲನ್ನು ಹೊರತೆಗೆಯುವವರೂ ಇದನ್ನು ಮರೆಯಬಾರದು.

ಕೈಗೆಟಕುವ ಗೂಟ

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಬಡವರ ವಸತಿಯೊಂದರಲ್ಲಿ "ಮಕ್ಕಳ ಮನೆ"ಯನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲಿಯೇ ಉಳಿದರು. ಆಕೆ ಕಂಡುಕೊಂಡ ಸಂಗತಿ ತಾಯಂದಿರಿಗೆ ಆಶ್ಚರ್ಯವೆನಿಸಬಹುದು. ಎರಡು, ಮೂರು ವರ್ಷದ ಮಗು ಸ್ವಭಾವತಃ ಕ್ರಮವನ್ನು ಪ್ರೀತಿಸುತ್ತದೆ. ವಸ್ತು ಎಂದಿನ ಸ್ಥಳದಲ್ಲಿ ಇರದಿದ್ದರೆ ಅದಕ್ಕೆ ದುಃಖವಾಗುತ್ತದೆ. ಅಜ್ಜನ ಕೋಲನ್ನು ಅಜ್ಜಿ ಹಿಡಿದರೆ ಮಗು ಅಳುತ್ತದಲ್ಲ, ಅದು ಹಟವಲ್ಲ. ಅದರ ಲೋಕದ ಓರಣ ಕೆಟ್ಟಿತೆಂಬ ದೂರು. ನಾವು ಅದರ ಕೈಗೆ ಏನನ್ನೂ ನಿಲುಕದಂತೆ ಇಟ್ಟು, "ಎಲ್ಲಾ ಹರವುತದ" ಎಂದು ಬಯ್ಯುತ್ತೇವೆ. ತೆಗೆದ ಸ್ಥಳಕ್ಕೆ ಮರಳಿ ಇಡಬೇಕಾದರೆ ಆ ಸ್ಥಳ ಅದಕ್ಕೆ ನಿಲುಕಬೇಕು.

ಆದ್ದರಿಂದ ಬಾಗಿಲ ಹಿಂದೆ ಎರಡೂವರೆ ಅಡಿ ಎತ್ತರದಲ್ಲಿ ಒಂದು ಗೂಟ, ಮಗುವಿನ ಚೀಲಕ್ಕೆ. ಬಚ್ಚಲ ಬಳಿ ಇನ್ನೊಂದು, ಅದರ ಟವೆಲಿಗೆ. ಅಡುಗೆಮನೆಯಲ್ಲಿ ಮತ್ತೊಂದು, ನೀರು ಚೆಲ್ಲಿದರೆ ಒರೆಸುವ ಅರಿವೆಗೆ. ಗಿಡ್ಡ ಹಿಡಿಯ ಸಣ್ಣ ಪೊರಕೆಯೊಂದು. ಇದಕ್ಕೆಲ್ಲ ತಗಲುವ ಖರ್ಚು ಅತ್ಯಲ್ಪ. ತಗಲುವುದು ತಾಳ್ಮೆ, ಮಗು ಗುಡಿಸಿದ ಮೇಲೆ ಮನೆ ಮೊದಲಿಗಿಂತ ಹೆಚ್ಚು ಕಸವಾಗಿ ಕಾಣುತ್ತದೆ. ಅದರ ಎದುರಿಗೇ ಮತ್ತೆ ಗುಡಿಸಬೇಡಿ. ಅದು ಅತ್ತ ಹೋದ ಮೇಲೆ ಗುಡಿಸಿದರಾಯಿತು.

ಕಸ ಗುಡಿಸುವುದು ಮಗುವಿಗೆ ಕಲಿಸತಕ್ಕ ಕೆಲಸವೇ ಎಂದು ಕೇಳುವವರಿದ್ದಾರೆ. ಹೆಣ್ಣುಮಗುವಾದರೆ ಕೇಳುವುದಿಲ್ಲ, ಗಂಡುಮಗುವಾದರೆ ಕೇಳುತ್ತಾರೆ! ಶಿವಭಕ್ತರ ಮನೆಯ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಶರಣೆ ಸತ್ಯಕ್ಕ ವಚನಕಾರ್ತಿಯೂ ಆಗಿದ್ದಳು. ಪೊರಕೆ ಹಿಡಿದ ಕೈಯಿಂದ ವಚನ ಹೊರಟಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಮ್ಮ ಗಂಡಸರು ಮನೆಯ ಪೊರಕೆ ಎಲ್ಲಿರುತ್ತದೆಂದು ಹೇಳಬಲ್ಲರೆ? ಆ ಶ್ರಾವಣ ಸೋಮವಾರ ಬೆಳಿಗ್ಗೆ ವಿಭೂತಿ ಚೆಲ್ಲಿದಾಗ ಮಗುವಿನ ತಂದೆ ಪಡಸಾಲೆಯಲ್ಲಿಯೇ ಪತ್ರಿಕೆ ಓದುತ್ತ ಕುಳಿತಿದ್ದರು. ಓದುತ್ತಲೇ ಇದ್ದರು. ತಾಯಿಯ ಕಣ್ಣೀರಿಗೆ ಕಾರಣ ಮಗುವೆಂದು ಎಲ್ಲರೂ ತಿಳಿದರು. ಅವರು ಎದ್ದು ಒಂದು ಒದ್ದೆ ಅರಿವೆ ತಂದಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಈಚೆಗೆ ಕೆಲವು ತಾಯಂದಿರು ಮನೆಗೆಲಸ ಮುಗಿಯುವವರೆಗೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂಡಿಸುತ್ತಾರೆ. ಮನೆ ಓರಣವಾಗುತ್ತದೆ, ನಿಜ. ಆದರೆ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮೊಬೈಲಿನ ಬದಲು ಒಂದು ಬುಟ್ಟಿ ಬಟಾಟೆ ಕೊಟ್ಟು ನೋಡಿ.

ಚೆಲುವು ಎಲ್ಲಿಂದ?

ಓರಣ ಸರಿ, ಅಂದ ಬೇಡವೆ ಎಂದು ಕೇಳಬಹುದು. ಖಂಡಿತವಾಗಿಯೂ ಬೇಕು. ಒಡೆಯುವ ಅಂದವನ್ನು ಬಿಟ್ಟು ಒಗೆಯಬಹುದಾದ ಅಂದವನ್ನು ಆರಿಸಿಕೊಂಡರೆ ಚಿಂತೆಯಿಲ್ಲ, ಅಷ್ಟೆ. ಗಾಜಿನ ಟೀಪಾಯಿಯನ್ನು ತೆಗೆದು ಅಲ್ಲಿ ನವಲಗುಂದದ ಜಮಖಾನ ಹಾಸಿದರೆ ಪಡಸಾಲೆಗೆ ಬರುವ ಕಳೆಯೇ ಬೇರೆ. ನಿಂತ ಮಗ್ಗದಲ್ಲಿ ಹೆಣ್ಣುಮಕ್ಕಳೇ ನೇಯುವ ಈ ಹತ್ತಿಯ ಹಾಸಿನ ಮೇಲೆ ಮಗು ಬಿದ್ದರೆ ಪೆಟ್ಟಾಗುವುದಿಲ್ಲ. ಬಂದವರೂ ಕಾಲು ಚಾಚಿ ಕುಳಿತು ಮಾತನಾಡುತ್ತಾರೆ. ನಡುವೆ ಹರಿದ ಇಳಕಲ್ ಸೀರೆಯ ಗಟ್ಟಿ ಭಾಗವನ್ನು ಅಂಚು ಸಮೇತ ಕತ್ತರಿಸಿ ಕಿಟಕಿಗೆ ಪರದೆ ಹಾಕಬಹುದು. ಸೆರಗು ಒಂದು ಲೋಡಿಗೆ ಹೊದಿಕೆಯಾಗುತ್ತದೆ. ಅವ್ವನ ಹಳೆಯ ಸೀರೆಗಳ ಕೌದಿ ಮಂಚದ ಮೇಲಿದ್ದರೆ ಅಂಗಡಿಯ ಯಾವ ಹೊದಿಕೆಯೂ ಬೇಕಿಲ್ಲ. ಮಗು ಅದರ ಮೇಲೆ ಹಾಲು ಚೆಲ್ಲಿದರೂ ಬಿಸಿಲು ನೋಡಿ ಒಗೆದರಾಯಿತು. ಕಸೂತಿ ಬಲ್ಲವರು ಮನೆಯಲ್ಲಿದ್ದರೆ ಎಳೆ ಎಣಿಸಿ ಹಾಕಿದ ಒಂದು ಗೋಪುರ, ಒಂದು ತೇರು ಸಾಕು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ಎತ್ತರದಲ್ಲಿ ತೂಗಬೇಕು.

ನೆಲದಿಂದ ಮೂರು ಅಡಿಯವರೆಗಿನ ಗೋಡೆ ಮಗುವಿನದೇ ಎಂದು ಒಪ್ಪಿಕೊಂಡುಬಿಡುವುದು ಲೇಸು. ಅಲ್ಲಿ ಒಂದು ಕಡೆ ಕರಿಯ ಬಣ್ಣ ಬಳಿಸಿ ಬಳಪ ಕೊಟ್ಟರೆ ಉಳಿದ ಮೂರು ಗೋಡೆಗಳು ಬಹುಮಟ್ಟಿಗೆ ಉಳಿಯುತ್ತವೆ. ಪೂರ್ತಿ ಉಳಿಯುವುದಿಲ್ಲ. ದಿನವಿಡೀ ಮನೆ ಓರಣವಾಗಿರಬೇಕೆಂಬ ಹಂಬಲವನ್ನೂ ಬಿಡಬೇಕು. ಬೆಳಿಗ್ಗೆ ಪೂಜೆಗೆ ಮುನ್ನ ಒಮ್ಮೆ, ಸಂಜೆ ದೀಪ ಹಚ್ಚುವ ಮುನ್ನ ಒಮ್ಮೆ, ಮನೆಯವರೆಲ್ಲ ಕೈಹಾಕಿ ಹತ್ತು ನಿಮಿಷ. ನಡುವಿನ ಹೊತ್ತು ಮಕ್ಕಳ ಹೊತ್ತು. ಆ ಹೊತ್ತಿನಲ್ಲಿ ಬಂದವರು ಒಂದು ಆಟಿಕೆ ಸರಿಸಿ ಕುಳಿತುಕೊಳ್ಳಲಿ. ನಮ್ಮಲ್ಲಿ ಶರಣು ಎಂದು ಬಂದವರು ಮನೆಯ ಕಪಾಟು ನೋಡಲು ಬಂದವರಲ್ಲ.

ನಮ್ಮ ಮನೆಯ ಆ ಹಳೆಯ ಕಪಾಟು ಇನ್ನೂ ಪಡಸಾಲೆಯಲ್ಲಿಯೇ ಇದೆ. ಗಾಜು ತೆಗೆಸಿದ್ದೇವೆ. ಕೆಳಗಿನ ಎರಡು ಅಂತಸ್ತು ಮೊಮ್ಮಕ್ಕಳಿಗೆ, ಮೇಲಿನದು ಪುಸ್ತಕಗಳಿಗೆ. ಕಳೆದ ವಾರ ಮಗನೊಡನೆ ಅಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ದೊಡ್ಡ ಸದ್ದಾಯಿತು. ಆತ ಎಂದಿನಂತೆ ನನ್ನ ಮುಖ ನೋಡಿದ. ಅಷ್ಟರಲ್ಲಿ ನಾಲ್ಕು ವರ್ಷದ ಮೊಮ್ಮಗಳು ಬಾಗಿಲಲ್ಲಿ ಬಂದು ನಿಂತಳು.

"ಆಯಿ, ಮಜ್ಜಿಗಿ ಚೆಲ್ಲೇತಿ. ನಾನೇ ಚೆಲ್ಲೀನಿ" ಎಂದು ಹೇಳಿ, ಗೂಟದ ಮೇಲಿದ್ದ ಅರಿವೆಯನ್ನು ಎಳೆದುಕೊಳ್ಳಲು ತಿರುಗಿ ಓಡಿದಳು. ಮಗನೂ ಚಹಾದ ಕಪ್ಪು ಇಟ್ಟು ಅವಳ ಹಿಂದೆ ಹೋದ.